ಹೊಸ್ತಿಲಿಲ್ಲದ ಮೈದಾನ

ಇಡೀ ಜೀವಮಾನದಲ್ಲಿ ನಾನು ಒಂದೇ ಒಂದು ಫುಟ್‌ಬಾಲ್ ಪಂದ್ಯವನ್ನು ಮೈದಾನಕ್ಕೆ ಹೋಗಿ ನೋಡಿದ್ದೇನೆ. ಅದೇನು ಸಣ್ಣಪುಟ್ಟ ಆಟವಲ್ಲ. ಏಳೆಂಟು ದೇಶಗಳ ಹುಡುಗರ ತಂಡಗಳು ಬೆಂಗಳೂರಿಗೆ ಬಂದು ಹತ್ತು ಹನ್ನೆರಡು ದಿನ ಆಡಿದ ಪಂದ್ಯಾವಳಿ. ಯಾರ ಮೇಲೆ ಯಾರು ಆಡಿದರು ಎಂದು ಕೇಳಿದರೆ ಹಳದಿ ಅಂಗಿಯವರು, ನೀಲಿ ಅಂಗಿಯವರು ಎಂದಷ್ಟೇ ಹೇಳಬಲ್ಲೆ. ಏಕೆಂದರೆ ನಾನು ಹೋದದ್ದು ಆಟ ನೋಡುವುದಕ್ಕಲ್ಲ, ಗಂಡನನ್ನು ಹುಡುಕುವುದಕ್ಕೆ. ಮದುವೆಯಾದ ಇಪ್ಪತ್ತೆರಡನೇ ದಿನ ಆಷಾಢ ಶುರುವಾಗಿ, ಗಂಡನ ಮೇಲೆ ಮುಖ ಊದಿಸಿಕೊಂಡು ತವರಿಗೆ ಬಂದು ಕೂತಿದ್ದೆ. ಅವರ ಬಾಯಿಂದ ನನಗೊಂದು ‘ಹೂಂ’ ಬೇಕಾಗಿತ್ತು. ಅದೂ ಬುಧವಾರದೊಳಗೆ.

ತೊಂಬತ್ತರ ದಶಕದ ನಡುವಿನ ಮಾತು ಇದು. ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಮನೆ. ಮನೆಯ ಮುಂದಿನ ಅರ್ಧದಲ್ಲಿ ಎರಡು ಮಗ್ಗ, ಹಿಂದಿನ ಅರ್ಧದಲ್ಲಿ ನಾವು. ಕರೆಂಟು ಇದ್ದಷ್ಟು ಹೊತ್ತೂ ಖಟಪಟ ಸದ್ದು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ನಮ್ಮ ಬೀದಿಯವರೆಲ್ಲರಿಗೂ ದೊಡ್ಡ ಗಂಟಲು. ಆ ಗಂಟಲು ಮುಂದೆ ತರಗತಿಯಲ್ಲಿ ನನ್ನ ಕೈಹಿಡಿಯಿತು, ಅತ್ತೆಮನೆಯಲ್ಲಿ ಮಾತ್ರ ಕೆಟ್ಟ ಹೆಸರು ತಂದಿತು. ನಾನು ಏಳನೇ ಕ್ಲಾಸಿನಲ್ಲಿದ್ದಾಗಲೇ ಅಮ್ಮ ತೀರಿಕೊಂಡಳು. ಸಾಕಿದ್ದು ಅಪ್ಪ, ಮತ್ತೆ ಅಪ್ಪನ ತಾಯಿ, ನಮ್ಮ ಅಜ್ಜಿ.

ಅಪ್ಪನ ಬಗ್ಗೆ ಒಂದು ವಿಷಯ ಮೊದಲೇ ಹೇಳಬೇಕು. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಒಳ್ಳೆಯವನು ಎಂದು ಹೊಗಳಲು ಹೇಳುತ್ತಿಲ್ಲ, ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ ಅವನಿಗೆ ಅದು ಬರುತ್ತಿರಲಿಲ್ಲ. ನೇಯ್ದ ಸೀರೆಯಲ್ಲಿ ಎಲ್ಲೋ ಒಂದು ಎಳೆ ಹೋಗಿರುತ್ತಿತ್ತು. ಕೊಳ್ಳಲು ಬಂದವರು ಅಂಚು ನೋಡಿ ಸೆರಗು ನೋಡಿ ಒಪ್ಪಿಕೊಂಡು ಮಡಿಸುವ ಹೊತ್ತಿಗೆ ಅಪ್ಪನೇ ಸೀರೆ ಬಿಚ್ಚಿ, ಆ ಜಾಗದ ಮೇಲೆ ಬೆರಳಿಟ್ಟು, "ಇಲ್ಲೊಂದು ಎಳೆ ಹೋಗೈತೆ, ನೋಡ್ಕಳಿ" ಎನ್ನುತ್ತಿದ್ದ. ಅವರು ಹೋದ ಮೇಲೆ ಅಜ್ಜಿ ಶುರುಮಾಡುತ್ತಿದ್ದಳು. "ಅವ್ರ ಕಣ್ಣಿಗೇ ಬಿದ್ದಿರ್ಲಿಲ್ಲ. ಬಾಯ್ಮುಚ್ಕೊಂಡು ಕೊಡಕ್ಕೆ ಏನಾಗಿತ್ಲಾ ನಿಂಗೆ?" ಅಪ್ಪ ಹೋಗಿ ಮಗ್ಗದ ಸ್ವಿಚ್ಚು ಹಾಕುತ್ತಿದ್ದ. ಅಜ್ಜಿಯ ಬೈಗುಳ ಆ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು.

ನಾನು ಟಿ.ಸಿ.ಎಚ್. ಮುಗಿಸಿ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಕೆಲಸ ಬರುವ ಮೊದಲು ಗಂಡು ಬಂತು. ನೆಲಮಂಗಲ ತಾಲೂಕಿನವರು, ಡಾಬಸ್‌ಪೇಟೆಯ ಹತ್ತಿರದ ಹಳ್ಳಿ. ಹೊಲ ಇತ್ತು, ಜೊತೆಗೆ ಸೋಂಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸ. ಮದುವೆಯಾಗಿ ಹನ್ನೆರಡು ದಿನಕ್ಕೆ ನೇಮಕದ ಆದೇಶ ತವರಿನ ವಿಳಾಸಕ್ಕೆ ಬಂತು. ರಾಜಘಟ್ಟದ ಆಚೆ ಒಂದು ಹಳ್ಳಿಯ ಸರ್ಕಾರಿ ಶಾಲೆ. ಅಪ್ಪ ಅದನ್ನು ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಎರಡು ಬಸ್ಸು ಬದಲಿಸಿ ತಂದುಕೊಟ್ಟ. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತು ಅದನ್ನು ಮೂರು ಸಲ ಓದಿದೆ.

ಅತ್ತೆ ಕೆಟ್ಟವರಲ್ಲ. ಆದರೆ ಅವರ ಲೆಕ್ಕ ಅವರಿಗೆ. "ಹೊತ್ತು ಮೂಡೋಕೆ ಮುಂಚೆ ಸೊಸೆ ಬಸ್ ಹತ್ತಿದ್ರೆ ಮನೆ ಯಾರು ನೋಡ್ತಾರೆ? ಅದೂ ಆಷಾಢ್ದಲ್ಲಿ ಸೇರ್ಕೋಬೇಕಂತೆ. ಆಷಾಢ್ದಲ್ಲಿ ಹಿಡಿದ ಕೆಲ್ಸ ಯಾರಿಗೆ ಒಳ್ಳೇದಾಗೈತೆ?" ಎಂದರು. ಹಾಗೆಂದು ಬೇಡ ಎಂದು ಖಡಾಖಂಡಿತವಾಗಿಯೂ ಹೇಳಲಿಲ್ಲ. "ನನ್ನ ಮಗ ಏನಂತಾನೋ ಹಂಗೆ" ಎಂದು ಮಗನ ಮೇಲೆ ಹಾಕಿದರು. ಮಗರಾಯರು ಮುದ್ದೆಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವತ್ತೂ ಎತ್ತಲಿಲ್ಲ, ಮಾರನೆಯ ದಿನವೂ ಎತ್ತಲಿಲ್ಲ.

ಬೇರೆ ವಿಷಯಕ್ಕೆ ನಮ್ಮವರಿಗೆ ಮಾತು ಕಡಿಮೆಯೇನಿರಲಿಲ್ಲ. ಬೇರೆ ವಿಷಯ ಎಂದರೆ ಫುಟ್‌ಬಾಲ್. ಐ.ಟಿ.ಐ. ಓದುವಾಗ ಹಲಸೂರಿನ ಸೋದರಮಾವನ ಮನೆಯಲ್ಲಿದ್ದು, ಅಲ್ಲಿನ ತಮಿಳು ಹುಡುಗರ ಜೊತೆ ಬರಿಗಾಲಲ್ಲಿ ಆಡಿ ಕಲಿತವರು. ಕಾರ್ಖಾನೆಯ ತಂಡಕ್ಕೆ ಗೋಲ್‌ಕೀಪರ್. ಮನೆಯಲ್ಲಿ ಯಾರ ಕೈಯಿಂದ ಏನು ಜಾರಿದರೂ ಇವರು ಮೊಣಕಾಲು ಬಗ್ಗಿಸಿ ಎರಡೂ ಕೈ ಚಾಚಿ ಅರ್ಧ ಕೂತುಬಿಡುತ್ತಿದ್ದರು. ಹೊಸದರಲ್ಲಿ ನನ್ನ ಕೈಯಿಂದ ಹಾಲಿನ ಲೋಟ ಜಾರಿದಾಗ ನೆಲ ಮುಟ್ಟುವ ಮೊದಲೇ ಹಿಡಿದಿದ್ದರು. ಅವತ್ತೇ ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು, ಈಗ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಫಾರಿನ್ ಹುಡುಗ್ರು ನಮ್ಮ ಬೆಂಗ್ಳೂರಿಗೇ ಬರ್ತಾವ್ರೆ ಕಣೆ" ಎಂದು ದಿನಕ್ಕೆರಡು ಸಲವಾದರೂ ಹೇಳುತ್ತಿದ್ದರು. "ಎಲ್ಲಾ ಹತ್ತೊಂಬತ್ತರ ಒಳಗಿನೋರು. ಭಾನ್ವಾರದ ಆಟ ಮಾತ್ರ ಆಕಾಶ ಕಳಚಿ ಬಿದ್ರೂ ಬಿಡಲ್ಲ." ಟಿಕೆಟ್ಟನ್ನೂ ತಂದಿಟ್ಟುಕೊಂಡಿದ್ದರು. ಅಂದವಾಗಿ ನೋಡಬೇಕೆನ್ನುವವರು ಮೈದಾನದ ಮಗ್ಗುಲಲ್ಲಿ ಕೂರುತ್ತಾರಂತೆ, ಗೋಲ್‌ಕೀಪರ್ ಆದವನು ಮಾತ್ರ ಗೋಲಿನ ಹಿಂದೆಯೇ ಕೂರಬೇಕಂತೆ. ಇದೆಲ್ಲ ನನಗೆ ಆಗ ಅರ್ಥವಾಗುತ್ತಿರಲಿಲ್ಲ, ಆದರೆ ನೆನಪಿನಲ್ಲಿ ಉಳಿದಿತ್ತು.

ಆಷಾಢದ ಹಿಂದಿನ ದಿನ ಬೆಳಿಗ್ಗೆ, ನನ್ನನ್ನು ಕರೆದೊಯ್ಯಲು ಅಪ್ಪ ಬಂದು ಜಗಲಿಯಲ್ಲಿ ಕೂತಿದ್ದಾಗ, ನಾನು ಪೆಟ್ಟಿಗೆ ತುಂಬುತ್ತಾ ಕೇಳಿದೆ. "ಬುಧವಾರದೊಳ್ಗೆ ಸೇರ್ಕೋಬೇಕು. ನೀವೇನೂ ಹೇಳ್ಲೇ ಇಲ್ವಲ್ಲ."

ಅವರು ಕಿಟಕಿ ನೋಡಿದರು.

"ಊರೋರು ಒದ್ದಿದ್ದೆಲ್ಲಾ ಹಿಡಿಯಕ್ಕೆ ಬರುತ್ತೆ ನಿಮ್ಗೆ. ಮನೇಲಿ ಒಂದ್ ಮಾತು ಹಿಡಿಯಕ್ಕೆ ಬರಲ್ಲ" ಎಂದೆ. ನನ್ನ ಗಂಟಲಿನ ವಿಷಯ ಹೇಳಿದೆನಲ್ಲ. ಜಗಲಿಯಲ್ಲಿದ್ದ ಅಪ್ಪನಿಗೂ ಕೇಳಿಸಿತು, ಕೊಟ್ಟಿಗೆಯಲ್ಲಿದ್ದ ಅತ್ತೆಗೂ ಕೇಳಿಸಿತು.

ನಮ್ಮ ಕಡೆಯ ಆಷಾಢದ ಕಟ್ಟು ಗೊತ್ತಿರುವವರಿಗೆ ಗೊತ್ತು. ಆ ತಿಂಗಳು ಹೊಸ ಸೊಸೆ ಅತ್ತೆ ಇರುವ ಮನೆಯ ಹೊಸ್ತಿಲು ದಾಟಬಾರದು, ಹೊಸ ಅಳಿಯ ಮಾವನ ಮನೆಯ ಹೊಸ್ತಿಲು ತುಳಿಯಬಾರದು. ಕಾಗದ ಬರೆಯೋಣವೆಂದರೆ ಅದು ಹೋಗುವುದು ಅತ್ತೆಯ ಕೈಗೆ, ಅಲ್ಲಿಂದ ಮೈದುನನ ಬಾಯಿಗೆ. ಅವನು ಅದನ್ನು ನಡುಮನೆಯಲ್ಲಿ ನಿಂತು ಗಟ್ಟಿಯಾಗಿ ಓದುತ್ತಿದ್ದ. ಬೂತಿನಿಂದ ಕಾರ್ಖಾನೆಗೆ ಫೋನು ಮಾಡಿದರೆ ಕೆಲಸದ ಹೊತ್ತಿನಲ್ಲಿ ಕರೆಯುವುದಿಲ್ಲ ಎಂದು ಇಟ್ಟುಬಿಟ್ಟರು. ಅಪ್ಪನೇ ಕಾರ್ಖಾನೆಯ ಗೇಟಿಗೆ ಹೋಗಬಹುದಿತ್ತು. ಅಜ್ಜಿ ಬಿಡಲಿಲ್ಲ. ಹೊಸ ಅಳಿಯನ ಗೇಟಿನ ಮುಂದೆ ಮಾವ ಹೋಗಿ ಕಾದರೆ ಅವನ ಜೊತೆಯವರು ಏನೆಂದುಕೊಂಡಾರು ಎನ್ನುವುದು ಅವಳ ಮಾತು. ಅದು ಸರಿಯಾಗಿಯೂ ಇತ್ತು. ಇವರ ಒಪ್ಪಿಗೆಯಿಲ್ಲದೆ ಹೋಗಿ ಸೇರಿಬಿಡುವಷ್ಟು ಧೈರ್ಯ ನನಗಿರಲಿಲ್ಲ. ಈಗಿನ ಹುಡುಗಿಯರು ನಗಬಹುದು. ಇಪ್ಪತ್ತೆರಡು ದಿನದ ಸಂಸಾರ ಅದು, ಮುರಿದುಹೋದರೆ ಎಂದು ಹೆದರಿದ್ದೆ.

ಆಷಾಢ ನಮ್ಮ ಬೀದಿಗೆ ಬಿಡುವಿನ ತಿಂಗಳು. ಮದುವೆ ಇಲ್ಲ, ಮದುವೆ ಇಲ್ಲವೆಂದರೆ ಸೀರೆ ಕೇಳುವವರಿಲ್ಲ. ಎರಡು ಮಗ್ಗದಲ್ಲಿ ಒಂದು ನಿಂತೇ ಇತ್ತು. ಅಪ್ಪ ನಿಂತ ಮಗ್ಗವನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಮತ್ತೆ ಬಿಚ್ಚುತ್ತಿದ್ದ. ಶನಿವಾರ ಸಂಜೆ ಎಣ್ಣೆಗೈಯಲ್ಲೇ ಅಡುಗೆಮನೆಗೆ ಬಂದು ಅಜ್ಜಿಯನ್ನು ಕೇಳಿದ. "ಅವ್ವಾ, ಸ್ಟೇಡಿಯಮ್ಮಿಗೆ ಹೊಸ್ತಿಲಿರುತ್ತಾ?"

"ಅದೇನ್ಲಾ ಅದು?"

"ಚೆಂಡಾಟದ ಬಯಲು. ಬೆಂಗ್ಳೂರಲ್ಲಿ. ನಾಳೆ ಅಳಿಯಂದ್ರು ಅಲ್ಲಿಗೆ ಬರ್ತಾರೆ. ಬಯಲಿಗೆ ಬಾಗ್ಲು ಎಲ್ಲಿಂದ ಬರ್ಬೇಕು, ಹೊಸ್ತಿಲು ಎಲ್ಲಿಂದ ಬರ್ಬೇಕು?"

ಅಜ್ಜಿ ಬಹಳ ಹೊತ್ತು ಅಕ್ಕಿ ಆರಿಸಿದಳು. ಅವಳ ಶಾಸ್ತ್ರದಲ್ಲಿ ಸ್ಟೇಡಿಯಂ ಇರಲಿಲ್ಲ. ಕೊನೆಗೆ ತಾನೇ ಒಂದು ಕಾನೂನು ಮಾಡಿದಳು. ದೂರದಿಂದ ನೋಡಿದರೆ ದೋಷವಿಲ್ಲ, ಗಂಡ ಹೆಂಡತಿ ಮಾತಾಡಬಾರದು. ಮಾತೇನಿದ್ದರೂ ಅಪ್ಪ ಆಡಬೇಕು. ನನ್ನ ಕೈಯಲ್ಲಿ ದೇವರ ದೀಪ ಮುಟ್ಟಿಸಿ ಆಣೆ ಹಾಕಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಅಪ್ಪ ಮಡಿಸಿಟ್ಟಿದ್ದ ಬಿಳಿ ಪಂಚೆ, ನೀಲಿ ಹಾಕಿ ಒಗೆದ ಅಂಗಿ ತೊಟ್ಟ. ನಾನು ಮದುವೆಯ ಸೀರೆಗಳಲ್ಲಿ ಒಂದನ್ನು ಉಟ್ಟೆ, ತಲೆ ತುಂಬ ಕನಕಾಂಬರ. ಅಜ್ಜಿ ಚಿತ್ರಾನ್ನ ಕಟ್ಟಿಕೊಟ್ಟು ಕೊಡೆ ಕೊಟ್ಟಳು. ಫುಟ್‌ಬಾಲ್ ನೋಡಲು ಹೀಗೆ ಹೊರಟವರು ಆ ಊರಿನಿಂದ ನಾವೇ ಮೊದಲಿರಬೇಕು. ಯಲಹಂಕ ದಾಟುವವರೆಗೂ ಬಸ್ಸಿನಲ್ಲಿ ನಿಂತೇ ಹೋದೆವು.

ಬೆಂಗಳೂರಿಗೆ ನಾನು ಹೋಗದವಳೇನಲ್ಲ. ಪರೀಕ್ಷೆಗೆ, ಮದುವೆಗೆ, ರೇಷ್ಮೆ ನೂಲಿಗೆ ಅಪ್ಪನ ಜೊತೆ ಹೋಗಿದ್ದೆ. ಅವತ್ತಿನ ಊರೇ ಬೇರೆ ಇತ್ತು. ರಸ್ತೆಯ ಅಂಚುಕಲ್ಲುಗಳಿಗೆ ಹೊಸದಾಗಿ ಕಪ್ಪು ಬಿಳಿ ಬಳಿದಿದ್ದರು. ದೀಪದ ಕಂಬಗಳಿಗೆ ಯಾವ್ಯಾವುದೋ ದೇಶಗಳ ಬಾವುಟ ಕಟ್ಟಿದ್ದರು. ಹಿಂದಿನ ದಿನದ ಮಳೆಗೆ ಕೆಲವುಗಳ ಕೆಂಪು ಬಿಳಿಯ ಮೇಲೆ ಇಳಿದಿತ್ತು. ಅಪ್ಪ ಒಂದೊಂದು ಕಂಬದ ಕೆಳಗೂ ನಿಂತು ತಲೆ ಎತ್ತಿ, "ಬಣ್ಣ ಕಚ್ಚಿಲ್ಲ. ಒಂದ್ ದೇಶದ ಬಾವುಟಾನ ಹಿಂಗಾ ಮಾಡೋದು" ಎಂದು ಬೇಜಾರು ಮಾಡಿಕೊಂಡ. ಪಾನಿಪೂರಿ ಗಾಡಿಯವನೂ ಗಾಡಿಗೆ ಒಂದು ಪುಟ್ಟ ಬಾವುಟ ಸಿಕ್ಕಿಸಿದ್ದ. ಯಾವ ದೇಶದ್ದು ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಮೈದಾನದ ಗೇಟಿನ ಹತ್ತಿರ ಸಾಲಿನಲ್ಲಿ ನಿಂತಿದ್ದಾಗ ಒಂದು ತಂಡದ ಬಸ್ಸು ಬಂತು. ಪೊಲೀಸರು ನಮ್ಮನ್ನೆಲ್ಲ ಹಿಂದಕ್ಕೆ ಸರಿಸಿದರು. ಹಳದಿ ಅಂಗಿಯ ಹುಡುಗರು ಒಬ್ಬೊಬ್ಬರಾಗಿ ಇಳಿದರು. ಉದ್ದ ಕಾಲು, ಎಳೆಯ ಮುಖ. ಒಬ್ಬ ಇಳಿಯುವಾಗ ಎಡವಿದ, ಹಿಂದಿನವನು ಅವನ ಬೆನ್ನಿಗೆ ಗುದ್ದಿ ನಕ್ಕ. ಇನ್ನೊಬ್ಬ ಅಪ್ಪನ ಪಂಚೆ ನೋಡಿ ನಿಂತು, ಯಾರೋ ಹೇಳಿಕೊಟ್ಟಿದ್ದರೆಂದು ಕಾಣುತ್ತದೆ, ಎರಡೂ ಕೈ ಜೋಡಿಸಿದ. ಅಪ್ಪ ಗಾಬರಿಯಾಗಿ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ ತಾನೂ ಕೈಮುಗಿದ.

"ಮಕ್ಳು ಕಣಮ್ಮ ಇವು" ಎಂದ, ಅವರು ಒಳಗೆ ಹೋದ ಮೇಲೆ. "ಮೀಸೆ ಸೈತ ಬಂದಿಲ್ಲ. ಸಮುದ್ರ ದಾಟಿ ಇಷ್ಟು ದೂರ ಕಳ್ಸವ್ರೆ. ಎಷ್ಟು ಮನೇಲಿ ಎಷ್ಟು ಜನ ಬ್ಯಾಡ ಅಂದಿರ್ಬೇಕು. ಯಾರೋ ಒಬ್ರು ಹೂಂ ಅಂದಿರ್ಬೇಕಲ್ಲ."

ನನ್ನ ಕಣ್ಣು ಸಾಲಿನಲ್ಲಿದ್ದ ಗಂಡಸರ ಮುಖಗಳ ಮೇಲಿತ್ತು.

"ಗೋಲಿನ ಹಿಂದೆ" ಎಂದು ನಾನೇ ಅಪ್ಪನಿಗೆ ಹೇಳಿ ಅಲ್ಲಿನ ಟಿಕೆಟ್ಟು ತೆಗೆಸಿದೆ. ಒಳಗೆ ಹೋಗಿ ಸಿಮೆಂಟಿನ ಮೆಟ್ಟಿಲ ಮೇಲೆ ಕೂತು ನೋಡಿದರೆ ಮೈದಾನಕ್ಕೆ ಎರಡು ಗೋಲು. ಒಂದು ನಮ್ಮ ಮುಂದೆ, ಇನ್ನೊಂದು ಅಷ್ಟು ದೂರದಲ್ಲಿ ಆ ತುದಿಗೆ. ಈ ವಿಷಯವನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಸುತ್ತ ಕೂತವರಲ್ಲಿ ಅರ್ಧ ಜನ ತಮಿಳು, ಉಳಿದವರು ಉರ್ದು, ಕನ್ನಡ, ಎಲ್ಲ ಕಲೆಸಿ ಮಾತಾಡುತ್ತಿದ್ದರು. ನನ್ನ ರೇಷ್ಮೆ ಸೀರೆ ನೋಡಿ ಪಕ್ಕದ ಯುವಕನೊಬ್ಬ ಅಪ್ಪನಿಗೆ, "ಏನ್ ಗುರು, ಮದ್ವೆ ಮನೆಯಿಂದ ಸೀದಾ ಬಂದ್ಬಿಟ್ರಾ?" ಎಂದ. ಅಪ್ಪ ಗಂಭೀರವಾಗಿ, "ಇಲ್ಲಪ್ಪ, ಮದ್ವೆ ಆಗಿ ತಿಂಗ್ಳಾಯ್ತು" ಎಂದು ನಿಜ ಹೇಳಿದ.

ಅಪ್ಪನಿಗೆ ಆಟಕ್ಕಿಂತ ಗೋಲಿನ ಬಲೆಯ ಮೇಲೆ ಹೆಚ್ಚು ಆಸಕ್ತಿ. ಅದನ್ನು ಯಾವ ಗಂಟು ಹಾಕಿ ಹೆಣೆದಿದ್ದಾರೆ ಎಂದು ಬಗ್ಗಿ ಬಗ್ಗಿ ನೋಡಿದ. ನಾನು ನಮ್ಮ ಮೆಟ್ಟಿಲುಗಳ ಮೇಲಿನ ಮುಖಗಳನ್ನೆಲ್ಲ ಒಂದು ಕಡೆಯಿಂದ ನೋಡಿ ಮುಗಿಸಿದೆ. ನಮ್ಮವರಿರಲಿಲ್ಲ. ಅಷ್ಟರಲ್ಲಿ ಆ ತುದಿಯ ಗೋಲಿಗೆ ಯಾರೋ ಬಲವಾಗಿ ಒದ್ದರು, ಅಲ್ಲಿನ ಗೋಲ್‌ಕೀಪರ್ ಎಗರಿ ಹಿಡಿದ. ಆಗ ಅವನ ಹಿಂದೆ, ಮೆಟ್ಟಿಲುಗಳ ಮೇಲೆ, ಬಿಳಿ ಅಂಗಿಯ ಒಬ್ಬರು ಎದ್ದು, ಮೊಣಕಾಲು ಬಗ್ಗಿಸಿ, ಎರಡೂ ಕೈ ಚಾಚಿ ಅರ್ಧ ಕೂತದ್ದು ಕಂಡಿತು.

"ಅಪ್ಪಾ, ಅಲ್ಲಿ."

ಮುಖ ಕಾಣುವಷ್ಟು ಹತ್ತಿರವಲ್ಲ. ಆದರೂ ಆ ಕೈಯನ್ನು ನಾನು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದೆ. ಮತ್ತೊಮ್ಮೆ ಚೆಂಡು ಹೋಯಿತು, ಮತ್ತೊಮ್ಮೆ ಹಾಗೇ ಎದ್ದರು. ನನ್ನ ಎದೆ ಮಗ್ಗದ ಸದ್ದಿನಂತೆ ಹೊಡೆದುಕೊಳ್ಳತೊಡಗಿತು. ಸಿಟ್ಟೆಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ. ಓಡಿಹೋಗಿ ಎದುರು ನಿಲ್ಲಬೇಕೆನಿಸಿತು. ದೀಪ ಮುಟ್ಟಿದ ಕೈ ನೆನಪಾಗಿ ಸುಮ್ಮನೆ ಕೂತೆ.

ಅರ್ಧ ಆಟ ಮುಗಿದು ಹುಡುಗರು ಒಳಗೆ ಹೋದ ಕೂಡಲೇ ಅಪ್ಪ ಎದ್ದ. "ನೀನು ಇಲ್ಲೇ ಇರು. ನಾನು ಸುತ್ಕೊಂಡು ಹೋಗಿ ಮಾತಾಡ್ಕೊಂಡು ಬರ್ತೀನಿ." ಅವನು ಮೆಟ್ಟಿಲಿಳಿದು ಮರೆಯಾದ ಎರಡು ನಿಮಿಷಕ್ಕೆ ಮಳೆ ಬಂತು. ಸಣ್ಣ ಮಳೆಯಲ್ಲ, ಆಷಾಢದಲ್ಲಿ ಗಾಳಿ ತರುವ ಓರೆ ಮಳೆ. ಕೊಡೆ ನನ್ನ ಹತ್ತಿರವೇ ಉಳಿದಿತ್ತು. ಜನ ಪೇಪರು, ಪ್ಲಾಸ್ಟಿಕ್ಕು, ಕೈಗೆ ಸಿಕ್ಕಿದ್ದನ್ನೆಲ್ಲ ತಲೆಯ ಮೇಲೆ ಹಿಡಿದರು. ಆ ತುದಿಯ ಮೆಟ್ಟಿಲುಗಳ ಮೇಲೆ ಕೊಡೆಗಳು ಅರಳಿ ಏನೂ ಕಾಣದಂತಾಯಿತು. ಕೊಡೆಗಳ ನಡುವೆ ಅಪ್ಪನ ಬಿಳಿ ಪಂಚೆ ಕಾಣುತ್ತದೆಯೇನೋ ಎಂದು ಕಣ್ಣು ನೋಯುವಷ್ಟು ನೋಡಿದೆ.

ಮಳೆ ನಿಂತು, ಹುಡುಗರು ಮತ್ತೆ ಮೈದಾನಕ್ಕೆ ಬರುವ ಹೊತ್ತಿಗೆ ಅಪ್ಪ ಕಡಲೆಕಾಯಿ ಪೊಟ್ಟಣ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದ. ಅಂಗಿ ಒಣಗಿಯೇ ಇತ್ತು. ಅದು ನನ್ನ ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಸಿಕ್ಕಿದ್ರೇನಪ್ಪಾ?"

"ಹೂಂ." ಅಪ್ಪ ಕೂತುಕೊಂಡು ಪೊಟ್ಟಣ ಬಿಚ್ಚಿದ.

"ಏನಂದ್ರು?"

"ಸೇರ್ಕೋ ಅಂದ್ರು." ಒಂದು ಕಡಲೆಕಾಯಿ ಸುಲಿದು ಬೀಜವನ್ನು ನನ್ನ ಕೈಗಿಟ್ಟ. "ಬುಧವಾರ ಹೋಗಿ ಸೇರ್ಕೊಳ್ಳಿ ಅಂದ್ರು. ಅವ್ರ ತಾಯಿಗೆ ತಾವೇ ಹೇಳ್ತಾರಂತೆ."

"ಕೋಪ ಮಾಡ್ಕೊಂಡಿದ್ರಾ? ನಾನು ಅವತ್ತು ಅಂದಿದ್ದಕ್ಕೆ?"

"ಇಲ್ಲ ಕಣಮ್ಮ. ಆಟ ನೋಡು."

ಆಟ ಹೇಗೆ ನೋಡುವುದು. ಕಣ್ಣು ತುಂಬಿ ಹಳದಿ ನೀಲಿ ಎಲ್ಲ ಕಲೆಸಿಹೋಗಿತ್ತು. ಆ ತುದಿಯಲ್ಲಿ ಕೊಡೆಗಳು ಮುಚ್ಚಿದ ಮೇಲೆ ಬಿಳಿ ಅಂಗಿ ಮತ್ತೆ ಕಂಡಿತು. ನಾನು ಎದ್ದು ನಿಂತು ಕೈ ಬೀಸಿದೆ. ಮಾತಾಡಬಾರದು ಎಂದಿದ್ದಳು ಅಜ್ಜಿ, ಕೈ ಬೀಸಬಾರದು ಎಂದಿರಲಿಲ್ಲ. ಒಂದು ಸಲ ಬೀಸಿದೆ, ಎರಡು ಸಲ ಬೀಸಿದೆ, ಮೂರನೆಯ ಸಲಕ್ಕೆ ಅವರೂ ಎರಡೂ ಕೈ ಎತ್ತಿ ಬೀಸಿದರು. ನಮ್ಮ ಸುತ್ತಲಿನ ಹುಡುಗರು ಶಿಳ್ಳೆ ಹೊಡೆದರು. ಅಪ್ಪ ತಲೆ ತಗ್ಗಿಸಿ ಕಡಲೆಕಾಯಿ ಸುಲಿಯುತ್ತಲೇ ಇದ್ದ.

ಆಟ ಮುಗಿಯಲು ಇನ್ನೂ ಹೊತ್ತಿರುವಾಗಲೇ ಅಪ್ಪ ಅವಸರ ಮಾಡಿದ. ಜನ ಹೊರಬಿದ್ದರೆ ಬಸ್ಸು ಸಿಗುವುದಿಲ್ಲ ಎಂದ. ಗೇಟಿನ ಹತ್ತಿರ ಒಂದು ಗಳಿಗೆ ನಿಲ್ಲೋಣ, ದೂರದಿಂದ ಮುಖ ನೋಡುತ್ತೇನೆ ಎಂದರೂ ಕೇಳಲಿಲ್ಲ. ನಾವು ರಸ್ತೆಗೆ ಬಂದಾಗ ಒಳಗಿನಿಂದ ದೊಡ್ಡ ಕೂಗು ಕೇಳಿಸಿತು. ಯಾರು ಗೋಲು ಹೊಡೆದರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬುಧವಾರ ಅಪ್ಪನೇ ಶಾಲೆಯವರೆಗೆ ಬಂದ. ಒಂದು ಬೇವಿನ ಮರ, ಎರಡು ಕೋಣೆ, ಐವತ್ತು ಚಿಲ್ಲರೆ ಮಕ್ಕಳು. ನಾನು ಹಾಜರಿ ಪುಸ್ತಕದಲ್ಲಿ ರುಜು ಹಾಕಿದೆ. ಅಪ್ಪ ಬಾಗಿಲಿನ ಆಚೆ ಚಪ್ಪಲಿ ಬಿಟ್ಟು ನಿಂತು ನೋಡುತ್ತಿದ್ದ.

ಆಷಾಢ ಕಳೆದ ಮಾರನೆಯ ದಿನ ನಮ್ಮವರು ಕರೆಯಲು ಬಂದರು. ಬಸ್‌ಸ್ಟ್ಯಾಂಡಿಗೆ ಅಪ್ಪ ಹೋಗಿ ಕರೆತಂದ. ಎರಡು ಹೆಜ್ಜೆಯ ದಾರಿಗೆ ಯಾಕೋ ಒಂದು ಗಂಟೆ ತಡವಾಯಿತು. ಅಲ್ಲಿ ಕಾಫಿ ಕುಡಿದೆವು ಎಂದರು. ಊರಿಗೆ ಹೋಗುವಾಗ ಬಸ್ಸಿನಲ್ಲಿ ನಮ್ಮವರು ಕಿಟಕಿಯ ಪಕ್ಕ ಕೂತರು. ನಾನು ಕೈ ಬೀಸಿದ್ದು ಕಾಣಿಸಿತಾ ಎಂದು ಕೇಳಿದ್ದಕ್ಕೆ "ಹೂಂ" ಎಂದಷ್ಟೇ ಹೇಳಿ ಆಚೆ ನೋಡಿದರು. ಮನೆ ತಲುಪಿದಾಗ ಅತ್ತೆ ಜಗಲಿಯಲ್ಲೇ ಕಾದಿದ್ದರು. ಸುದ್ದಿ ಅಷ್ಟರಲ್ಲಿ ಹೇಗೋ ಮುಟ್ಟಿತ್ತು. "ಹೇಳ್ದೆ ಕೇಳ್ದೆ ಕೆಲ್ಸಕ್ಕೆ ಸೇರ್ಕೊಂಡ್ಳಂತಲ್ಲ ನಿನ್ನೆಂಡ್ತಿ" ಎಂದರು.

ನಮ್ಮವರು ನನ್ನ ಪೆಟ್ಟಿಗೆಯನ್ನು ಕೆಳಗಿಟ್ಟರು. "ನನ್ನ ಕೇಳೇ ಸೇರ್ಕೊಂಡಿದ್ದು. ನಾನೇ ಹೂಂ ಅಂದಿದ್ದು" ಎಂದರು.

ಆ ಒಂದು ಮಾತಿಗೆ ನಾನು ಅವರ ಹಿಂದಿನ ಮೌನವನ್ನೆಲ್ಲ ಮನ್ನಿಸಿಬಿಟ್ಟೆ. ಅತ್ತೆ ಎಂಟು ದಿನ ಮುಖ ಗಂಟಿಕ್ಕಿಕೊಂಡಿದ್ದರು. ಒಂಬತ್ತನೆಯ ದಿನ ಬೆಳಗಿನ ಬಸ್ಸಿಗೆ ಹೊತ್ತಾಗುತ್ತದೆ ಎಂದು ತಾವೇ ನನ್ನ ಡಬ್ಬಿಗೆ ರೊಟ್ಟಿ ಹಾಕಿದರು. ಆಮೇಲೆ ಅವರೇ ಊರಿನವರ ಮುಂದೆ "ನಮ್ಮ ಸೊಸೆ ಮೇಡಂ" ಎಂದು ಹೇಳಿಕೊಂಡು ತಿರುಗಿದರು.

ಸ್ಟೇಡಿಯಮ್ಮಿನ ಕತೆಯನ್ನು ನಾನು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದೆ. ಶಾಲೆಯ ಮಕ್ಕಳಿಗೆ, ನನ್ನ ಮಕ್ಕಳಿಗೆ, ಬಸ್ಸಿನಲ್ಲಿ ಜೊತೆಗೆ ಓಡಾಡುವ ಟೀಚರುಗಳಿಗೆ. ಮಳೆ, ಕೊಡೆ, ಬಿಳಿ ಅಂಗಿ, ಇವರು ಎರಡೂ ಕೈ ಎತ್ತಿ ಬೀಸಿದ್ದು. ಹಳೆಯ ಆಟಗಳ ಗೋಲುಗಳನ್ನೆಲ್ಲ ನಿಮಿಷದ ಸಮೇತ ಹೇಳುವ ಮನುಷ್ಯ ಆ ಆಟದ ವಿಷಯ ಬಂದರೆ ಮಾತ್ರ "ಮರ್ತೋಯ್ತು ಕಣೆ" ಎನ್ನುತ್ತಿದ್ದರು. ನನ್ನನ್ನು ನೋಡುತ್ತಾ ಆಟ ನೋಡುವುದನ್ನೇ ಮರೆತಿದ್ದಾರೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಅಪ್ಪ ತೀರಿಕೊಂಡ. ಮಗ್ಗಗಳನ್ನು ಅದಕ್ಕೂ ಮುಂಚೆಯೇ ಮಾರಿದ್ದ. ಹನ್ನೊಂದನೆಯ ದಿನದ ಊಟ ಮುಗಿದು ನೆಂಟರು ಹೊರಟ ಮೇಲೆ ಖಾಲಿ ಮಗ್ಗದ ಮನೆಯಲ್ಲಿ ಚಾಪೆ ಹಾಸಿಕೊಂಡು ಮಕ್ಕಳ ಜೊತೆ ಕೂತಿದ್ದೆ. ತಾತನ ಮಾತು ಬಂತು. "ನಿಮ್ಮ ತಾತ ಬದುಕಿನಲ್ಲಿ ಒಂದೇ ಒಂದು ಸುಳ್ಳು ಹೇಳಿದವನಲ್ಲ" ಎಂದು ಶುರುಮಾಡಿ ಮತ್ತೆ ಸ್ಟೇಡಿಯಮ್ಮಿನ ಕತೆಗೇ ಬಂದೆ. ಗೋಡೆಗೆ ಒರಗಿದ್ದ ನಮ್ಮವರು ಎದ್ದು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದರೆ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದರು.

"ಮಾವ ಇರೋ ತನಕ ಹೇಳಲ್ಲ ಅಂತ ಅವ್ರಿಗೆ ಮಾತು ಕೊಟ್ಟಿದ್ದೆ" ಎಂದರು. "ಆ ಭಾನ್ವಾರ ನಾನು ಬೆಂಗ್ಳೂರಿಗೆ ಹೋಗೇ ಇರ್ಲಿಲ್ಲ ಕಣೆ. ಜೊತೆ ಕೆಲ್ಸದೋನು ಬರ್ಲಿಲ್ಲ ಅಂತ ನಂಗೇ ಶಿಫ್ಟ್ ಹಾಕ್ಬಿಟ್ರು. ಟಿಕೆಟ್ಟು ಜೇಬಲ್ಲಿ ಇಟ್ಕೊಂಡೇ ಮಿಷಿನ್ ಮುಂದೆ ನಿಂತಿದ್ದೆ."

ನಾನು ಅಲ್ಲೇ ನೆಲದ ಮೇಲೆ ಕೂತೆ.

ಅವತ್ತು ಎರಡು ತುದಿಯ ಮೆಟ್ಟಿಲುಗಳ ನಡುವೆ ಇದ್ದ ಕಬ್ಬಿಣದ ಬೇಲಿಯ ಹತ್ತಿರ ಪೊಲೀಸರು ಅಪ್ಪನನ್ನು ಆ ಕಡೆಗೆ ಬಿಡಲಿಲ್ಲವಂತೆ. ಆ ಕಡೆಯ ಟಿಕೆಟ್ಟೇ ಬೇರೆಯಂತೆ. ಆ ಬಿಳಿ ಅಂಗಿಯವನು ಅಳಿಯನೇ ಎಂದು ಅಪ್ಪನೂ ನಂಬಿದ್ದ. ಶ್ರಾವಣದಲ್ಲಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅಳಿಯನನ್ನು ಕೂರಿಸಿಕೊಂಡು, "ನಿಮ್ಮ ಹೆಸರಲ್ಲಿ ನಾನೊಂದು ಸುಳ್ಳು ಹೇಳ್ಬಿಟ್ಟಿದೀನಿ. ಅದನ್ನ ನಿಜ ಮಾಡೋದೂ ಬಿಡೋದೂ ನಿಮಗೆ ಸೇರಿದ್ದು" ಎಂದನಂತೆ. ಆಮೇಲೆ ಕುಡಿಯದೆ ಬಿಟ್ಟ ಕಾಫಿ ಆರಿಹೋಗಿ, ಇನ್ನೆರಡು ಕಾಫಿ ತರಿಸಿದರಂತೆ.

"ನಿಮ್ಗೆ ಕೋಪ ಬರ್ಲಿಲ್ವಾ?"

"ಬಂತು. ಅದ್ಕಿಂತ ಜಾಸ್ತಿ ನಾಚಿಕೆ ಆಯ್ತು. ನಾನು ಹೇಳ್ಬೇಕಾಗಿದ್ದನ್ನ ಅವ್ರು ಹೇಳಿದ್ರು."

"ಅಕಸ್ಮಾತ್ ಅವತ್ತು ಅಪ್ಪ ನಿಮ್ಗೆ ಸಿಕ್ಕಿ, ಕೇಳಿದ್ರೆ?"

ಹೂಂ ಅನ್ನುತ್ತಿದ್ದೆ ಎಂದು ಅವರು ಸುಳ್ಳು ಹೇಳಿದ್ದರೂ ನಾನು ನಂಬುತ್ತಿದ್ದೆ. "ಅಮ್ಮನ್ನ ಕೇಳಿ ಹೇಳ್ತೀನಿ ಅಂತಿದ್ದೆ" ಎಂದರು. ಅಷ್ಟರಲ್ಲಿ ಬುಧವಾರ ಕಳೆದುಹೋಗುತ್ತಿತ್ತು.

"ಹಂಗಾದ್ರೆ ಕೈ ಬೀಸಿದ್ದು ಯಾರು?"

"ಯಾರೋ ಪುಣ್ಯಾತ್ಮ" ಎಂದರು. ಅಳುತ್ತಲೇ ಇಬ್ಬರಿಗೂ ನಗು ಬಂತು.

ಅವರು ಒಳಗೆ ಹೋದ ಮೇಲೂ ನಾನು ಅಲ್ಲೇ ಕೂತಿದ್ದೆ. ಅಪ್ಪನ ಆ ಒಣ ಅಂಗಿ ನೆನಪಾಯಿತು. ಮಳೆ ಸುರಿಯುತ್ತಿದ್ದಷ್ಟು ಹೊತ್ತೂ ಅವನು ಮೆಟ್ಟಿಲುಗಳ ಕೆಳಗೇ ನಿಂತಿದ್ದಾನೆ. ಮೇಲೆ ಮಗಳು ಕೊಡೆ ಹಿಡಿದು ಕಾಯುತ್ತಿದ್ದಾಳೆ. ಅವನಿಗೆ ಬರದ ಕೆಲಸವೊಂದನ್ನು ಅಲ್ಲಿ ನಿಂತು ತನಗೆ ತಾನೇ ಕಲಿತು, ಕಡಲೆಕಾಯಿ ಕೊಂಡು, ಮೆಟ್ಟಿಲು ಹತ್ತಿ ಬಂದಿದ್ದಾನೆ. ಯಾರ ಸೀರೆಯಲ್ಲಿ ಎಲ್ಲಿ ಎಳೆ ಹೋಗಿದ್ದರೂ ಬೆರಳಿಟ್ಟು ತೋರಿಸುತ್ತಿದ್ದ ಅಪ್ಪ, ಇದೊಂದನ್ನು ಮಾತ್ರ ನನಗೆ ತೋರಿಸದೆ ಹೋದ.